ಹಲ್ಲಿಮರಿಗೆ ತುತ್ತು

ನನ್ನ ಮಗಳಿಗೆ ಒಂಬತ್ತು ವರ್ಷ. ವಾರವೆಲ್ಲ ಬಾಸ್ಕಿಂಗ್ ರಿಡ್ಜಿನಲ್ಲಿ ಅವಳಮ್ಮನ ಮನೆ, ಶನಿವಾರ ಭಾನುವಾರ ಮಾತ್ರ ಮೆಟುಚೆನ್ನಿನ ನನ್ನ ಅಪಾರ್ಟ್‌ಮೆಂಟು. ಇಲ್ಲಿಗೆ ಬರೋ ಆಸೆಯಾದರೂ ಹುಟ್ಟಲಿ ಅಂತ ಒಂದು ಗೆಕ್ಕೊ ಮರಿ ತಂದೆ. ನಮ್ಮ ಹಲ್ಲಿಯ ಜಾತಿಯದೇ, ಮೈತುಂಬ ಚುಕ್ಕಿ. ಅದು ಆರು ದಿನ ಏನೂ ತಿನ್ನಲಿಲ್ಲ. ಚಿಮಟದಲ್ಲಿ ಹುಳ ಹಿಡಿದು, ಮಗುವಿಗೆ ತುತ್ತು ಕೊಡೋ ಹಾಗೆ ಒಡ್ಡಿದರೂ ಮುಖ ತಿರುಗಿಸಿತು.

ಕೊಬ್ಬು ಕೂಡಿಡೋ ಬಾಲವೇ ಬಡವಾಗುತ್ತಿದ್ದದ್ದು ನೋಡಿ ಹೆದರಿ, ತಂದ ಅಂಗಡಿಗೇ ಓಡಿದೆ. ಅಲ್ಲಿದ್ದ ಮುದುಕಿ ಕೇಳಿದಳು, "ಹುಳ ಕೊಟ್ಟ ಮೇಲೆ ನೀನೆಲ್ಲಿರ್ತೀಯ?"

"ಪಕ್ಕದಲ್ಲೇ. ತಿನ್ನುತ್ತಾ ಅಂತ ನೋಡ್ತಾ ಇರ್ತೀನಿ."

"ಅದಕ್ಕೇ ತಿಂತಿಲ್ಲ. ಮನೆ ಹೊಸದು, ನೀನೂ ಹೊಸಬ. ಬಟ್ಟಲಲ್ಲಿ ಹುಳ ಇಟ್ಟು, ಗಾಜಿನ ಪೆಟ್ಟಿಗೆಗೆ ಟವೆಲ್ ಮುಚ್ಚಿ, ಆಚೆ ಹೋಗು."

ಹಾಗೇ ಮಾಡಿದೆ. ಬಟ್ಟಲು ಖಾಲಿಯಾಯಿತು.

ಆ ಶನಿವಾರ ಮಗಳು ಎಂದಿನಂತೆ "ನಾಟ್ ಹಂಗ್ರಿ, ಅಪ್ಪ" ಅಂದಳು. ಒಂದೇ ತುತ್ತು ಅಂತ ನಾನು ಗೋಗರೆಯಲಿಲ್ಲ. ಚಿತ್ರಾನ್ನ ಬಡಿಸಿಟ್ಟು, ಬಟ್ಟೆ ಒಗೀಬೇಕು ಅಂತ ನೆಪ ಹೇಳಿ ಕೆಳಗಿನ ಲಾಂಡ್ರಿಗೆ ಹೋದೆ. ವಾಪಸ್ ಬಂದಾಗ ತಟ್ಟೆಯಲ್ಲಿ ಒಂದು ಸಾಸಿವೆಯೂ ಉಳಿದಿರಲಿಲ್ಲ.

ಈಗ ನಮ್ಮ ಬಿಲ್ಡಿಂಗಿನಲ್ಲಿ ನನ್ನಷ್ಟು ಬಟ್ಟೆ ಒಗೆಯೋರು ಇನ್ಯಾರೂ ಇಲ್ಲ.