ಚೀಲದ ಮೇಲಿನ ಎರಡು ಅಕ್ಷರ

ಚಿಮಣಿ ಎಣ್ಣೆ ಬೆರೆಸಿದ ಕರಿ ಬಣ್ಣದ ವಾಸನೆ ಎಲ್ಲಿ ಬಂದರೂ ನನಗೆ ಅಜ್ಜ ಬದುಕಿದ್ದ ಕೊನೆಯ ದಿನ ನೆನಪಾಗುತ್ತದೆ. ಅದು ಉಳಿದೆಲ್ಲ ದಿನಗಳಂಥದೇ ಒಂದು ದಿನವಾಗಿತ್ತು. ಕಡಲೆ ರಾಶಿ ಮುಗಿದು, ಪಡಸಾಲೆಯ ತುಂಬ ಬಾಯಿ ಹೊಲಿದ ಚೀಲಗಳು ಒಂದರ ಮೇಲೊಂದು ಕೂತಿದ್ದವು. ಮರುದಿನ ಬೆಳಿಗ್ಗೆ ಚಕ್ಕಡಿ ಅಣ್ಣಿಗೇರಿಗೆ ಹೊರಡಬೇಕಿತ್ತು. ದಲಾಲಿ ಅಂಗಡಿಯಲ್ಲಿ ಒಬ್ಬರ ಮಾಲು ಇನ್ನೊಬ್ಬರದರಲ್ಲಿ ಬೆರೆಯಬಾರದೆಂದು ಚೀಲಕ್ಕೆಲ್ಲ ಗುರುತು ಹಾಕುವ ಪದ್ಧತಿ. ಅದಕ್ಕಾಗಿ ಅಜ್ಜ ಎಂದೋ ಒಂದು ತಗಡಿನಲ್ಲಿ ಎರಡು ಇಂಗ್ಲೀಷು ಅಕ್ಷರ ಕೊರೆಸಿ ತಂದಿದ್ದ. ತಗಡನ್ನು ಚೀಲದ ಮೇಲಿಟ್ಟು, ಬಣ್ಣದಲ್ಲಿ ಅದ್ದಿದ ಅರಿವೆಯ ಉಂಡೆಯನ್ನು ಒತ್ತಿದರೆ ಅಕ್ಷರ ಮೂಡುತ್ತಿದ್ದವು. ಅಜ್ಜನ ಕೈ ನಡುಗುತ್ತಿದ್ದರಿಂದ ಆ ಕೆಲಸ ನಮ್ಮವ್ವನದು. ಅವಳು ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಉಸಿರು ಬಿಗಿಹಿಡಿದು ಒತ್ತುತ್ತಿದ್ದಳು. ಕಟ್ಟೆಯ ಮೇಲೆ ಕೂತ ಅಜ್ಜ ಎಲೆಗೆ ಸುಣ್ಣ ಹಚ್ಚುತ್ತ, “ಸಾವಕಾಶ ಒತ್ತವಾ, ಬಣ್ಣ ಹರದಾಡೀತು” ಎನ್ನುತ್ತಿದ್ದ. ಮರುದಿನ ನಸುಕಿನಲ್ಲಿ ಎತ್ತು ಬಿಚ್ಚಲು ಹೋದವನು ಗೋದಲಿಯ ಹತ್ತಿರವೇ ಕುಸಿದು ಕೂತ. ಮತ್ತೆ ಏಳಲಿಲ್ಲ. ಚೀಲಗಳು ಹದಿನೈದು ದಿನ ಪಡಸಾಲೆಯಲ್ಲೇ ಉಳಿದವು.

ಆಗ ಅವ್ವ ಐದು ತಿಂಗಳ ಬಸುರಿ. ಮಳೆಗಾಲದ ಮೊದಲಿಗೆ ನನ್ನ ತಮ್ಮ ಹುಟ್ಟಿದ. ಹೆಸರೇನು ಇಡೋಣ ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಅಜ್ಜ ತಿರುಗಿ ಬಂದಿದ್ದಾನೆ, ಅಜ್ಜನ ಹೆಸರೇ. ನಮ್ಮ ಮನೆಯಲ್ಲಿ ಚನ್ನಪ್ಪನ ಮಗ ಬಸಪ್ಪ, ಬಸಪ್ಪನ ಮಗ ಚನ್ನಪ್ಪ, ಹೀಗೇ ನಡೆದುಕೊಂಡು ಬಂದಿತ್ತು. ಅತ್ತಿ, ಅಂದರೆ ಅಪ್ಪನ ತಂಗಿ, ಕೂಸಿನ ಕಿವಿಯಲ್ಲಿ “ಕುರ್ರ್... ಚನ್ನಪ್ಪ” ಎಂದಳು. ನಾವು ಹುಡುಗಿಯರು ಅವಳ ಬೆನ್ನಿಗೆ ಗುದ್ದಿ ನಕ್ಕೆವು. ಆ ನಗುವಿನಲ್ಲಿ ಒಂದು ಮಾತು ಯಾರಿಗೂ ಹೊಳೆದಿರಲಿಲ್ಲ. ಮಾವನ ಹೆಸರನ್ನಾಗಲಿ ಗಂಡನ ಹೆಸರನ್ನಾಗಲಿ ಸೊಸೆಯಾದವಳು ಬಾಯಲ್ಲಿ ಆಡುವಂತಿರಲಿಲ್ಲ. ಆಯಿಗೂ, ಅಂದರೆ ಅಜ್ಜನ ಹೆಂಡತಿಗೂ, ಅದೇ ಕಟ್ಟು. ಆದರೆ ಆಯಿ ತನ್ನ ದಾರಿ ತಾನೇ ಕಂಡುಕೊಂಡಿದ್ದಳು. ತೊಟ್ಟಿಲ ಮುಂದೆ ಕೂತು, “ಏಳ್ರಿ, ಹೊತ್ತೇರೇತಿ. ಹಾಲ ಕುಡೀರಿ” ಎಂದು ಬಹುವಚನದಲ್ಲೇ ಮಾತಾಡುತ್ತಿದ್ದಳು. ಮೂರು ತಿಂಗಳ ಕೂಸು ಅವಳ ಮುಖ ನೋಡಿ ಬೊಚ್ಚುಬಾಯಿ ತೆರೆದು ನಗುತ್ತಿತ್ತು.

ಅವ್ವ ಮಾತ್ರ ಕೂಸನ್ನು ಏನೆಂದೂ ಕರೆಯುತ್ತಿರಲಿಲ್ಲ. ಬಳೆ ಅಲುಗಾಡಿಸುತ್ತಿದ್ದಳು, ನಾಲಿಗೆಯಿಂದ ಲೊಚಗುಟ್ಟುತ್ತಿದ್ದಳು. ಎಂಟು ತಿಂಗಳಾಗುವ ಹೊತ್ತಿಗೆ ತಮ್ಮನಿಗೆ ತನ್ನ ಹೆಸರು ಗೊತ್ತಾಗಿತ್ತು. ಅಪ್ಪ ಹೊಲದಿಂದ ಬಂದು ಹೊಸ್ತಿಲಲ್ಲಿ ನಿಂತು “ಚನ್ನಪ್ಪಾ” ಎಂದರೆ ಗಕ್ಕನೆ ಕತ್ತು ತಿರುಗಿಸುತ್ತಿದ್ದ. ಬಾಜೂಮನೆಯವರು ಕರೆದರೂ ತಿರುಗುತ್ತಿದ್ದ. ಅವ್ವ ಬಳೆ ಅಲುಗಾಡಿಸಿದರೆ ತಿರುಗುತ್ತಿರಲಿಲ್ಲ. ಬಳೆಯ ಸದ್ದು ಮನೆಯಲ್ಲಿ ಯಾವಾಗಲೂ ಇದ್ದದ್ದೇ. ಒಮ್ಮೆ ಅವಳು ಎರಡು ಮೂರು ಸಲ ಅಲುಗಾಡಿಸಿ, ಅವನು ನೋಡದೆ ಹೋದಾಗ, ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತದ್ದನ್ನು ನಾನು ಕಂಡೆ. ಅವಳ ಮುಖ ನೋಡಿ ನನಗೆ ಅಲ್ಲಿಂದ ಎದ್ದು ಹೋಗಬೇಕೆನಿಸಿತು.

ಮತ್ತೆ ಕಡಲೆ ಕಾಲ ಬಂತು. ಒಂದು ಮಧ್ಯಾಹ್ನ ಅವ್ವ ಹಳೆಯ ಖಾಲಿ ಚೀಲಗಳನ್ನು ಹರವಿಕೊಂಡು ದಬ್ಬಣದಿಂದ ತೇಪೆ ಹಚ್ಚುತ್ತಿದ್ದಳು. ತಮ್ಮ ಒಂದು ಚೀಲದ ಮೇಲೆ ಕೂತು ಅದರ ನೂಲು ಕೀಳುತ್ತಿದ್ದ. ನಾನು ಐದನೆಯ ಇಯತ್ತೆಯಲ್ಲಿದ್ದೆ, ಇಂಗ್ಲೀಷು ಅಕ್ಷರ ಶುರುವಾದ ವರ್ಷ. ಅವ್ವ ಅವನ ಕಾಲ ಬಳಿಯ ಕರಿ ಗುರುತಿನ ಮೇಲೆ ಬೆರಳಿಟ್ಟು, “ಇವು ಏನಂತಾವ, ಓದಬೇ” ಎಂದಳು.

“ಇದು ಸಿ. ಇದು ಬಿ. ಅಜ್ಜನ ಹೆಸರಿಂದು ಒಂದು, ಅವರಪ್ಪನ ಹೆಸರಿಂದು ಒಂದು.”

“ತಮ್ಮಗ ಬರದ್ರ?”

ನಾನು ಬೆರಳು ಮಡಿಚಿ ಲೆಕ್ಕ ಹಾಕಿದೆ. ಚನ್ನಪ್ಪ, ಬಸಪ್ಪ. “ಇವ ಎರಡ ಬರ್ತಾವ ಬೇ ಯವ್ವಾ!”

ಹನ್ನೆರಡು ವರ್ಷ ಆ ಅಕ್ಷರಗಳನ್ನು ತನ್ನ ಕೈಯಾರೆ ಒತ್ತಿದವಳಿಗೆ ಅವುಗಳ ಸದ್ದು ಗೊತ್ತಿರಲಿಲ್ಲ. ಅವ್ವ ದಬ್ಬಣ ಕೆಳಗಿಟ್ಟಳು. “ಸೀ...ಬೀ” ಎಂದು ಮೆಲ್ಲಗೆ ನಾಲಿಗೆಯ ಮೇಲೆ ಆಡಿಸಿ ನೋಡಿದಳು. ಆಮೇಲೆ ತುಸು ಗಟ್ಟಿಯಾಗಿ, “ಸೀಬಿ” ಎಂದಳು. ತಮ್ಮ ಅಂದು ತಿರುಗಲಿಲ್ಲ. ನಾಲ್ಕೈದು ದಿನ ಹಿತ್ತಲಿನಲ್ಲಿ, ಬಚ್ಚಲಿನಲ್ಲಿ, ಯಾರೂ ಇಲ್ಲದಾಗ ಕರೆದು ಕರೆದು ರೂಢಿ ಮಾಡಿಸಿದಳು. ಕೊನೆಗೊಂದು ದಿನ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಕರೆದಾಗ ಅವನು ಗಕ್ಕನೆ ತಿರುಗಿದ. ಅಂಬೆಗಾಲಿಟ್ಟು ಬಂದು ಹಿಟ್ಟಿನ ಕೈಯನ್ನೇ ಹಿಡಿದ. ಆದರೆ ಬಾಗಿಲಲ್ಲಿ ಆಯಿ ನಿಂತಿದ್ದಳು.

“ಏನಂದಿ?”

“ಸೀಬಿ ಅಂದ್ನಿರಿ.”

“ಕಡ್ಲಿ ಚೀಲಕ್ಕ ಬಡಿಯೂ ಗುರ್ತು ನನ್ನ ಮೊಮ್ಮಗಗ ಯಾಕಬೇ? ಅಣ್ಣಿಗೇರ್ಯಾಗ ತಕ್ಕಡಿಗಿ ಏರ್ಸಾಕಿ ಏನ?”

ಊರಿಗೆ ಬಂದಿದ್ದ ಅತ್ತಿಯೂ ಒಳಗಿನಿಂದಲೇ ಸೇರಿಸಿದಳು: “ಬೆನ್ನಮ್ಯಾಲ ಮೋಟರ್ ನಂಬರೂ ಬರಸಿಬಿಡು, ಕಳಕೊಂಡ್ರ ಹುಡಕಾಕ ಬರ್ತೈತಿ.” ಅಪ್ಪ ನಗುತ್ತ, “ಕಚೇರ್ಯಾಗ ದೊಡ್ಡ ಸಾಹೇಬ್ರಿಗೆಲ್ಲಾ ಹಿಂಗ ಕರೀತಾರಬೇ ಯವ್ವಾ” ಎಂದ. “ನೀ ಸುಮ್ಮ ಕೂಡಲೇ” ಎಂದಳು ಆಯಿ. ಆಮೇಲೆ ಅವಳ ದನಿ ಇಳಿಯಿತು. “ಹೋದಾವ್ರು ಹೊಳ್ಳಿ ಬಂದಾರ. ಅವರ ಹೆಸರ ಬಿಟ್ಟು ಕರದ್ರ, ಇದು ನನ್ನ ಮನಿ ಅಲ್ಲ ಅಂತ ಮತ್ತ ಹೋಗಿಬಿಟ್ರ?” ಎಂದಳು. ಆಗ ಯಾರೂ ನಗಲಿಲ್ಲ.

ಆಯಿಗೆ ಎಂದೂ ಎದುರಾಡದ ಅವ್ವ ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು. “ನೀವೆಲ್ಲಾರೂ ಅವರ ಹೆಸರಲೆ ಕರೀರಿ, ನಾ ಬ್ಯಾಡ ಅನ್ನಂಗಿಲ್ಲ. ನನಗ ಕರಿಯಾಕ ಬರಂಗಿಲ್ಲ. ಹಡದಾಕಿ ನಾ, ನಾ ಏನಂತ ಕರೀಲಿ? ಇಂಗ್ಲೀಷ ಅಕ್ಷರ ಯಾರಿಗೂ ಮಾವ ಅಲ್ರಿ, ಯಾರಿಗೂ ಗಂಡ ಅಲ್ರಿ.”

ಆಯಿ ಎಂಟು ದಿನ ಅವ್ವನ ಕೂಡ ಮಾತು ಬಿಟ್ಟಳು. ನಮಗೆಲ್ಲ ತಾಕೀತು ಮಾಡಿದಳು, ಆ ಹೆಸರು ಹಿಡಿದು ಕರೆದವರಿಗೆ ಬೆಲ್ಲ ಇಲ್ಲ, ಶೇಂಗಾ ಇಲ್ಲ. ಹೀಗಾಗಿ ಸೀಬಿ ಎಂಬುದು ಅವ್ವನೊಬ್ಬಳ ಹೆಸರಾಗಿ ಉಳಿಯಿತು. ಸಂಜೆ ಹಿತ್ತಲ ಬಾಗಿಲಿನಿಂದ ಅವಳು ಕೂಗಿದರೆ, ಎರಡನೆಯ ಅಕ್ಷರ ಬೇವಿನ ಗಿಡ ದಾಟಿ, ಬಣವೆ ದಾಟಿ, ಹಳ್ಳದ ದಂಡೆಯವರೆಗೂ ಎಳೆದುಕೊಂಡು ಹೋಗುತ್ತಿತ್ತು. ಅವನು ಎಲ್ಲಿದ್ದರೂ ಓಡಿ ಬರುತ್ತಿದ್ದ. ಕಡೆಗಾಲದಲ್ಲಿ ಕಣ್ಣು ಮಂಜಾದ ಆಯಿಯೇ ಬಾಗಿಲ ಸಪ್ಪಳಕ್ಕೆ ತಲೆ ಎತ್ತಿ, “ಸೀಬಿಯವರು ಬಂದ್ರೇನು?” ಎಂದು ಕೇಳಿದಳು. ಅವ್ವ ಒಳಗೆ ಬಾಯಿಗೆ ಸೆರಗು ಹಿಡಿದು ನಕ್ಕದ್ದನ್ನು ನೋಡಿದ್ದೇನೆ.

ಆ ಮನೆ ಈಗಿಲ್ಲ. ಅಪ್ಪ ಹೋದ ಮೇಲೆ ಅದನ್ನು ಕೊಟ್ಟುಬಿಟ್ಟೆವು. ತಮ್ಮ ಅಣ್ಣಿಗೇರಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದಾನೆ, ಅವ್ವ ಅವನ ಹತ್ತಿರವೇ ಇದ್ದಳು. ಹೋದ ವರ್ಷ ಅವಳನ್ನು ಹುಬ್ಬಳ್ಳಿಯ ದವಾಖಾನೆಗೆ ಸೇರಿಸಿದಾಗ, ಕಾಗದ ತುಂಬುತ್ತಿದ್ದ ನರ್ಸಬಾಯಿ ಮಗನ ಹೆಸರು ಕೇಳಿದಳು.

“ಸೀಬಿ ರಿ.”

“ಪೂರ್ತಿ ಹೆಸರು ಹೇಳ್ರಿ, ಅಜ್ಜಿ.”

“ಅದ ಪೂರ್ತಿ ರಿ” ಎಂದಳು ಅವ್ವ.

ಅವಳು ಹೋಗಿ ಆರು ತಿಂಗಳಾದ ಮೇಲೆ ಒಂದು ಸಂಜೆ ತಮ್ಮ ಅಂಗಡಿ ಮುಚ್ಚಿ ನನ್ನ ಮನೆಗೆ ಬಂದ. ಚಹಾ ಕುಡಿದು, “ಅಕ್ಕಾ, ಒಮ್ಮಿ ಕರಿ” ಎಂದ. ಏನೆಂದು ಕರೆಯಬೇಕೆಂದು ನಾನು ಕೇಳಲಿಲ್ಲ. “ಸೀಬೀ” ಎಂದು ಅವ್ವನಂತೆಯೇ ಎಳೆದು ಕರೆದೆ. ಅವನು ತಲೆ ತಗ್ಗಿಸಿ, “ಆತು ಬಿಡು” ಎಂದ. ನಾನು ಕರೆದದ್ದರಲ್ಲಿ ತಪ್ಪೇನೂ ಇರಲಿಲ್ಲ. ಅವ್ವನ ಮೂರು ಫೋಟೋ ನಮ್ಮ ಹತ್ತಿರ ಇವೆ. ಅವಳ ದನಿ ಎಲ್ಲಿಯೂ ಇಲ್ಲ.