ಅರಮನೆಯ ಕೊಕ್ಕೆಗೆ ನಮ್ಮ ಮನೆಯ ಸೌತೆಕಾಯಿ

ವಾಮಂಜೂರಿನ ನಮ್ಮ ಮನೆಯ ಹಿಂದೆ ಅಂಗೈಯಗಲದ ಜಾಗವಿದೆ. ಹೋದ ವರ್ಷ ಅಲ್ಲಿ ಅಮ್ಮ ಹಾಕಿದ ಸೌತೆ ಬಳ್ಳಿ ಮೊದಲ ಕಾಯಿ ಬಿಟ್ಟಿತು. ನಾನು ಅದರ ಸಾಂಬಾರಿಗೆಂದು ತೆಂಗಿನಕಾಯಿ ತುರಿಯಲು ಕೂತರೆ, ಅಮ್ಮ ಬಂದು ಸೌತೆಕಾಯಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಳು.

"ಇದನ್ನು ಮುಟ್ಟಬೇಡ. ಇದು ಅರಮನೆಗೆ."

ನನಗೆ ಕೋಪ ಮೂಗಿನ ತುದಿಯಲ್ಲೇ ಇರುವುದು. "ಎಂತ ಅರಮನೆ ಅಮ್ಮ? ಅದೀಗ ಟಿಕೆಟ್ ತೆಗೆದು ನೋಡುವ ಮ್ಯೂಸಿಯಂ!" ಎಂದು ರೇಗಿದೆ.

ಅಮ್ಮ ಹುಟ್ಟಿದ ಮನೆಯಿಂದ ವರ್ಷದ ಮೊದಲ ಸೌತೆಕಾಯಿ ಆ ಊರಿನ ಅರಮನೆಗೆ ಕಾಣಿಕೆಯಾಗಿ ಹೋಗಬೇಕಿತ್ತು. ಒಯ್ಯುತ್ತಿದ್ದವರು ಅಮ್ಮನ ಸೋದರಮಾವ. ನಮ್ಮಲ್ಲಿ ಮನೆತನ ಹೆಣ್ಣಿನ ಕಡೆಯಿಂದ ನಡೆಯುವುದರಿಂದ ಅವರೇ ಯಜಮಾನರು. ಹಾಸಿಗೆ ಹಿಡಿದಾಗ ಅವರು ಅಮ್ಮನ ಕೈ ಹಿಡಿದು, "ಅದೊಂದನ್ನು ತಪ್ಪಿಸಬೇಡ ಮಗಾ" ಎಂದಿದ್ದರಂತೆ. ಅಮ್ಮ ಹೂಂ ಎಂದಿದ್ದಳು. ಆಮೇಲೆ ಜಾಗ ಪಾಲಾಯಿತು, ಮದುವೆಯಾಯಿತು, ಬಿಜೈಯ ಬಾಡಿಗೆ ಮನೆಗಳಲ್ಲಿ ಬಳ್ಳಿ ಹಾಕಲು ಹಿಡಿ ಮಣ್ಣೂ ಇರಲಿಲ್ಲ. ಪೇಟೆಯಲ್ಲಿ ಕೊಂಡದ್ದನ್ನು ಕಾಣಿಕೆ ಎಂದು ಕೊಡುವುದು ಅವಳಿಂದ ಆಗದು. ಹಾಗೆ ಐವತ್ತು ವರ್ಷ ಕಳೆದಿತ್ತು.

ಪಣಂಬೂರಿನ ನನ್ನ ಆಫೀಸಿಗೆ ರಜೆ ಹಾಕಿ, ಗೊಣಗುತ್ತಲೇ ಅವಳನ್ನು ಬಸ್ಸು ಹತ್ತಿಸಿದೆ. ಒಂದು ಗಂಟೆಯ ದಾರಿಯುದ್ದಕ್ಕೂ ಸೌತೆಕಾಯಿಯ ಬುಟ್ಟಿ ಅವಳ ಮಡಿಲಲ್ಲೇ ಇತ್ತು.

ಅರಮನೆಯ ಬಾಗಿಲಲ್ಲಿ ಕಾವಲಿನವನು ತಡೆದ. "ತಿನ್ನುವ ಸಾಮಾನು ಒಳಗೆ ತಗೊಂಡು ಹೋಗ್ಲಿಕ್ಕಿಲ್ಲ ಅಮ್ಮ."

"ಇದು ತಿನ್ಲಿಕ್ಕೆ ಅಲ್ಲ ಮಾರಾಯ. ಅರಸರಿಗೆ ಕಾಣಿಕೆ."

"ಅರಸರು ಈಗ ಎಲ್ಲಿದ್ದಾರೆ?"

"ಅರಮನೆ ಉಂಟಲ್ಲ!" ಎಂದು ಅಮ್ಮ ನಡೆದೇಬಿಟ್ಟಳು. ಅವನು ನಗುತ್ತ ನಮ್ಮ ಹಿಂದೆಯೇ ಬಂದ.

ಒಳಗೆ ತಂಪು. ಬಣ್ಣ ಮಾಸಿದ ಪಲ್ಲಕ್ಕಿ, ಗಾಜಿನ ಪೆಟ್ಟಿಗೆಯಲ್ಲಿ ಕತ್ತಿಗಳು, ಓಲೆಗರಿಯ ಕಟ್ಟುಗಳು, ಆಳು ಕೂರುವಷ್ಟು ದೊಡ್ಡ ತಾಮ್ರದ ಹಂಡೆ. ಎಲ್ಲದಕ್ಕೂ ನಂಬರು, ಚೀಟಿ. ನಾನು ಕಂಬಗಳ ಕೆತ್ತನೆ ನೋಡುತ್ತ ಮೈಮರೆತಿದ್ದೆ. ಅಮ್ಮ ಮಾತ್ರ ತಲೆಯೆತ್ತಿ ತೊಲೆಗಳನ್ನು ಎಣಿಸುತ್ತಿದ್ದಳು. ಬಾಗಿಲಿನಿಂದ ಮೂರನೆಯ ತೊಲೆಯಲ್ಲಿ ಒಂದು ಹಿತ್ತಾಳೆಯ ಕೊಕ್ಕೆ ಇತ್ತು. ಕೆಳಗಿನ ಚೀಟಿಯಲ್ಲಿ "ತೂಗುದೀಪದ ಕೊಕ್ಕೆ" ಎಂದು ಬರೆದಿತ್ತು.

"ಸುಳ್ಳು!" ಅಮ್ಮನ ದನಿ ಏರಿತು. "ದೀಪಕ್ಕಲ್ಲ ಇದು. ನಮ್ಮ ಸೌತೆಕಾಯಿ ತೂಗುಹಾಕುವ ಕೊಕ್ಕೆ. ಮೂರನೇ ತೊಲೆ ಅಂತ ಮಾವ ಹೇಳ್ತಿದ್ದರು."

ನೋಡಲು ಬಂದಿದ್ದ ಕಾಲೇಜು ಹುಡುಗಿಯರು ಕಿಸಕ್ಕನೆ ನಕ್ಕರು. "ಸಾಕು, ಬಾ. ಮರ್ಯಾದೆ ತೆಗೀಬೇಡ," ಎಂದು ನಾನು ಅವಳ ತೋಳು ಹಿಡಿದು ಎಳೆದೆ. ಎಳೆದದ್ದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಗಲಾಟೆ ಕೇಳಿ ಒಳಗಿನಿಂದ ಒಬ್ಬರು ಹೆಂಗಸು ಬಂದರು. ಅರಮನೆಯ ಹಿಂಭಾಗದಲ್ಲಿ ಈಗಲೂ ವಾಸವಿರುವ ಅರಸು ಮನೆತನದವರು. ನೈಟಿ, ಹೆಗಲ ಮೇಲೆ ಕೈ ಒರೆಸುವ ಬೈರಾಸು. "ಎಂತ ಆಯ್ತು?" ಎಂದರು.

ಅಷ್ಟು ಹೊತ್ತು ಗಟ್ಟಿಯಾಗಿದ್ದ ಅಮ್ಮನ ದನಿ ಸಣ್ಣಗಾಯಿತು. ತನಗಿಂತ ಹತ್ತು ವರ್ಷ ಚಿಕ್ಕವರನ್ನು "ಅಮ್ಮಾ" ಎಂದು ಕರೆದು, ಎರಡೂ ಕೈಯಲ್ಲಿ ಬುಟ್ಟಿ ಚಾಚಿ, ಯಾವ ಮನೆ, ಯಾವ ಮಾವ, ಎಲ್ಲವನ್ನೂ ಹೇಳಿದಳು. ಅವರು ಅಲ್ಲೆಲ್ಲಾದರೂ ಇಟ್ಟು ಹೋಗಿ ಎಂದುಬಿಟ್ಟರೆ ಅಮ್ಮ ಹೇಗೆ ತಡೆದುಕೊಂಡಾಳು ಎಂದು ಹೆದರಿ ನಾನು ಅವಳ ಪಕ್ಕಕ್ಕೆ ಸರಿದು ನಿಂತೆ.

ಅವರು ಸೌತೆಕಾಯಿ ನೋಡಿದರು, ಕೊಕ್ಕೆ ನೋಡಿದರು.

"ನಮ್ಮ ಅಜ್ಜಿ ಪ್ರತಿ ವರ್ಷ ಆ ಕೊಕ್ಕೆ ನೋಡಿ, ಈ ಸಲವೂ ಬರ್ಲಿಲ್ಲ ಅಂತಿದ್ದರು. ಕಣ್ಣು ಮುಚ್ಚುವವರೆಗೂ. ಎಂತ ಬರ್ಲಿಲ್ಲ ಅಂತ ನಾನು ಕೇಳ್ಲೇ ಇಲ್ಲ."

ಕಾವಲಿನವನೇ ಸ್ಟೂಲು ತಂದ. ಬಾಳೆನಾರಿನಲ್ಲಿ ಕಟ್ಟಿದ ನಮ್ಮ ಸೌತೆಕಾಯಿ ಮೂರನೆಯ ತೊಲೆಗೆ ಏರಿತು. ಬುಟ್ಟಿಯನ್ನು ಬರಿದಾಗಿ ಹಿಂದಿರುಗಿಸುವ ಕ್ರಮವಿಲ್ಲ. ಅವರು ಸುತ್ತ ಕಣ್ಣಾಡಿಸಿದರು. ನಂಬರಿಲ್ಲದ ವಸ್ತುವೇ ಅಲ್ಲಿರಲಿಲ್ಲ. ಅಡುಗೆಮನೆಗೆ ಹೋಗಿ ಒಂದು ಅಚ್ಚು ಬೆಲ್ಲ ತಂದು ಹಾಕಿದರು.

ಅಮ್ಮನಿಗೆ ಸಕ್ಕರೆ ಕಾಯಿಲೆ. ಬಸ್ಸಿನಲ್ಲಿ ತಿಂದಾಳೆಂದು ನಾನು ಕಣ್ಣಿಟ್ಟಿದ್ದೆ. ಮುಟ್ಟಲಿಲ್ಲ. ಸಂಜೆ ಮನೆ ತಲುಪಿ, ಕೈಕಾಲು ತೊಳೆದು, ತೀರಿಹೋದ ಮಾವನಿಗೆ ಎಡೆ ಬಡಿಸುವ ಮೂಲೆಯಲ್ಲಿ ಬಾಳೆಲೆಯ ತುದಿ ಹಾಸಿ ಬೆಲ್ಲ ಇಟ್ಟಳು. ನಾನು ಬಾಗಿಲಲ್ಲಿ ನಿಂತಿದ್ದೆ.

"ಮುಟ್ಟಿಸಿ ಬಂದೆ ಮಾವ," ಎಂದಳು. "ಸ್ವಲ್ಪ ತಡ ಆಯ್ತು. ಕೋಪ ಮಾಡ್ಬೇಡಿ."