ಮೊಳಕೆ ಬಂದ ಗೋಡೆ

ಮರಿಮಗ ಅಂಗಳದಲ್ಲಿ ಸಿಮೆಂಟಿಗೆ ಭತ್ತದ ಹೊಟ್ಟಿನ ಬೂದಿ ಕಲಸಿ ಬ್ಲಾಕು ಮಾಡ್ತಿದ್ದಾನೆ. ಆ ಹಸಿ ವಾಸನೆಗೆ ನನ್ನ ತವರು ಅಗಸೂರಿನ ಗೋಡೆ ನೆನಪಾಯ್ತು.

ಕರ ಕೊಡಲಿಲ್ಲವೆಂದು ಬ್ರಿಟಿಷ್ ಸರಕಾರ ನಮ್ಮ ಮನೆ ಜಪ್ತಿ ಮಾಡಿದಾಗ, ಅಪ್ಪ ಕಣದ ಹೊಟ್ಟನ್ನೇ ಮಣ್ಣಿಗೆ ತುಳಿದು, ಹಸಿ ಇಟ್ಟಿಗೆ ಒಣಗಿಸಿ ಬಿಡಾರ ಕಟ್ಟಿದ. ಹೊಟ್ಟು ಸೇರಿದರೆ ಇಟ್ಟಿಗೆ ಬಿರಿಯುವುದಿಲ್ಲವಂತೆ.

"ತಮಾ, ಮೊರದಲ್ಲಿ ಕೇರಿ ಹಾಕು. ಹೊಟ್ಟಿನೊಳಗೆ ಕಾಳು ಉಳದದೆ," ಅಂದಳು ಅಜ್ಜಿ, ಅಪ್ಪನಿಗೆ.

"ಗೋಡೇಲಿ ಗದ್ದೆ ಬೆಳೀತದಾ?" ಅಂತ ಅಪ್ಪ ನಕ್ಕ.

ಮೊದಲ ಮಳೆಗೇ ಗೋಡೆ ತುಂಬ ಹಸಿರು ಮೊಳಕೆ. ನಾವು ಮಕ್ಕಳು ಕುಣಿದೆವು. ಅಜ್ಜಿ ಬಸುರಿ ಅವ್ವನ ಚಾಪೆಯನ್ನು ಗೋಡೆಯಿಂದ ದೂರ ಎಳೆದಳು. ಕೋಣನಂಥ ಹಟದ ಅಪ್ಪ ಅಲ್ಲೇ ಮಲಗಿದ. ಬೇರಿಳಿದು ಬಿರಿದ ಗೋಡೆ ಅವನ ಮೇಲೇ ಕುಸಿಯಿತು. ತಮ್ಮ ಹುಟ್ಟಿದಾಗ ಅಪ್ಪ ಇರಲಿಲ್ಲ.

"ಹೊಟ್ಟು ಪೂರಾ ಸುಟ್ಟದೆಯೇನೋ?" ಅಂತ ಈಗ ಕೂಗಿದೆ.

"ಅಜ್ಜೀ, ಬೂದಿ ಮೊಳೀತದಾ?" ಮರಿಮಗ ನಕ್ಕ.

ನಗಲಿ. ಅಪ್ಪನೂ ಹೀಗೇ ನಕ್ಕಿದ್ದ.